ಅಕ್ಕನಿಗೆ ಕೊಡುತ್ತಿರುವುದು ಇಲಿಯಿಂದ ಬಂದ ಔಷಧಿಯೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕು, ಮಾವಿನ ತೋಟವಿದೆ. ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿದೆ, ಕಿಮೊ ಮುಗಿಯುತ್ತ ಬಂದಿದೆ. ವರದಿಯಲ್ಲಿ ‘ಹರ್-2 ಮೂರು ಪ್ಲಸ್’ ಎಂದು ಬಂದಿದ್ದರಿಂದ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ನನ್ನು ಮೂರು ವಾರಕ್ಕೊಮ್ಮೆ ಒಂದು ವರ್ಷ ಕೊಡಬೇಕೆಂದು ಡಾಕ್ಟರು ಹೇಳಿದ್ದಾರೆ. ಇದು ಇಲಿಯಿಂದ ತಯಾರಿಸಿದ್ದು, ಮನುಷ್ಯರ ಮೈಗೆ ಒಗ್ಗುವುದಿಲ್ಲ ಎಂದು ನಮ್ಮ ಸಂಬಂಧಿಕರೊಬ್ಬರು ಹೆದರಿಸಿದ್ದಾರೆ. ಇದು ನಿಜವೇ? ಇದೂ ಕಿಮೊ ಅಲ್ಲವೇ? ಹೃದಯದ ಸ್ಕ್ಯಾನ್ ಏಕೆ? ಕಳೆದ ಸಲ ಔಷಧ ಅಂಗಡಿಯವರು ಬೇರೆ ಕಂಪನಿಯ ಬಾಟಲಿ ಕೊಟ್ಟರು, ಅದು ಡುಪ್ಲಿಕೇಟ್ ಇರಬಹುದೇ? ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆಗಿರುವ ನಮ್ಮ ಪಕ್ಕದ ಮನೆಯ ಕಾಕಾನಿಗೂ ಇದನ್ನೇ ಕೊಡಿಸಬಹುದೇ? ಬಾಟಲಿಯನ್ನು ಹುಬ್ಬಳ್ಳಿಯಲ್ಲಿ ಕೊಂಡು ಮನೆಯ ಫ್ರಿಜ್‌ನಲ್ಲಿ ಇಡಬಹುದೇ?

ಉತ್ತರ: ನಿಮ್ಮ ಸಂಬಂಧಿಕರ ಮಾತಿನಲ್ಲಿ ಒಂದೆಳೆ ಸತ್ಯವಿದೆ, ಆದರೆ ಅದು ಮೂರು ದಶಕಕ್ಕೂ ಹಳೆಯದಾದ ಸತ್ಯ. ಈ ಔಷಧಿಯ ಮೂಲ ಇಲಿಯಲ್ಲಿ ಇತ್ತು. ಇಂದು ನಿಮ್ಮ ಅಕ್ಕನವರ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುತ್ತಿರುವ ಪ್ರೋಟೀನಿನ ರಚನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಮನುಷ್ಯನದೇ. ನೀವು ಮಾವಿನ ತೋಟದವರಾದ್ದರಿಂದ ನನ್ನ ಕೆಲಸ ಅರ್ಧ ಹಗುರವಾಗಿದೆ, ಏಕೆಂದರೆ ಈ ಬದಲಾವಣೆಗೆ ವಿಜ್ಞಾನಿಗಳು ಇಟ್ಟ ಹೆಸರೇ ‘ಕಸಿ’ ಎಂಬ ಅರ್ಥದ ಶಬ್ದ. ಮೊದಲೇ ಒಂದು ಮಾತು: ನಾನು ಪ್ರೋಟೀನುಗಳ ರಚನೆಯನ್ನು ಓದಿ, ಧಾರವಾಡದಲ್ಲಿ ಅದನ್ನೇ ಕಲಿಸಿಕೊಂಡು ಬಂದವನು, ರೋಗಿಗೆ ಔಷಧಿ ಬರೆಯುವವನಲ್ಲ. ಡೋಸ್ ಕೊಡುವ, ನಿಲ್ಲಿಸುವ, ಬದಲಿಸುವ ತೀರ್ಮಾನ ನಿಮ್ಮ ಡಾಕ್ಟರರದು. ಆ ತೀರ್ಮಾನದ ಹಿಂದಿನ ಕಾರಣವನ್ನು ಬಿಡಿಸಿ ಹೇಳುವುದಷ್ಟೇ ನನ್ನ ಪಾಲಿನ ಕೆಲಸ.

ಟ್ರಾಸ್ಟುಜುಮ್ಯಾಬ್ ಒಂದು ಪ್ರತಿಕಾಯ. ಪ್ರತಿಕಾಯವೆಂದರೆ ನಮ್ಮ ರಕ್ತದಲ್ಲಿ ಸದಾ ತಿರುಗುತ್ತಿರುವ, ಹೊರಗಿನಿಂದ ಬಂದ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನು. ಅದರ ಆಕಾರ ಎರಡು ಕವಲಿನ ಕವಣೆಯ ಕೋಲಿನಂತಿರುತ್ತದೆ: ಮೇಲೆ ಎರಡು ತೋಳು, ಕೆಳಗೆ ಒಂದು ಕಾಂಡ. ಎರಡು ಉದ್ದನೆಯ ಸರಪಳಿ, ಎರಡು ಗಿಡ್ಡ ಸರಪಳಿ ಸೇರಿ ಈ ಆಕಾರ ಬರುತ್ತದೆ. ಈ ಸರಪಳಿಗಳ ಕೊಂಡಿಗಳೇ ಅಮೈನೋ ಆಮ್ಲಗಳು, ಒಟ್ಟು ಸುಮಾರು 1,300. ಪ್ರತಿ ತೋಳಿನ ತುದಿಯಲ್ಲಿ ಬೆರಳುಗಳಂತೆ ಚಾಚಿಕೊಂಡ ಆರು ಕುಣಿಕೆಗಳಿದ್ದು, ಯಾವುದನ್ನು ಹಿಡಿಯಬೇಕೆಂಬುದನ್ನು ಬಹುಮಟ್ಟಿಗೆ ಅವೇ ನಿರ್ಧರಿಸುತ್ತವೆ. ಹಿಡಿದ ಮೇಲೆ ಏನು ಮಾಡಬೇಕು, ಯಾವ ರಕ್ಷಣಾ ಕೋಶವನ್ನು ಕರೆಯಬೇಕು, ರಕ್ತದಲ್ಲಿ ಎಷ್ಟು ದಿನ ಉಳಿಯಬೇಕು ಎಂಬುದು ಕಾಂಡದ ಪಾಲಿನ ಕೆಲಸ. ಹಿಡಿಯುವ ಭಾಗ ಬೇರೆ, ಕೆಲಸ ಮಾಡಿಸುವ ಭಾಗ ಬೇರೆ ಎಂಬ ಈ ಒಂದು ಸಂಗತಿಯಿಂದಲೇ ಪ್ರತಿಕಾಯವನ್ನು ತಿದ್ದಿ ಔಷಧಿಯನ್ನಾಗಿ ಮಾಡುವುದು ಸಾಧ್ಯವಾಯಿತು. ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸಬಹುದು.

ರೋಗದ ಜಾಗಕ್ಕೇ ಗುರಿಯಿಟ್ಟು ಹೋಗುವ ಔಷಧಿ ಬೇಕೆಂಬ ಆಸೆ ಜರ್ಮನಿಯ ಪೌಲ್ ಎರ್ಲಿಖ್ ಅವರ ಕಾಲದಷ್ಟು, ಅಂದರೆ ನೂರು ವರ್ಷಕ್ಕೂ ಹಳೆಯದು. ಆದರೆ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೆರೆದದ್ದು 1975ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಇಲಿಯ ಗುಲ್ಮದಲ್ಲಿರುವ, ಪ್ರತಿಕಾಯ ತಯಾರಿಸಬಲ್ಲ ಆದರೆ ಬೇಗ ಸಾಯುವ ಕೋಶವನ್ನು, ಸಾವೇ ಇಲ್ಲದಂತೆ ಬೆಳೆಯುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಒಂದರಿಂದ ಕಸುಬು, ಇನ್ನೊಂದರಿಂದ ಆಯುಷ್ಯ. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನೂ ಈ ಬೆಸುಗೆಯ ಕೆಲಸ ಮಾಡಿದ್ದೇನೆ. ತೊಂಬತ್ತಾರು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಕೋಶಗಳನ್ನು ಹಂಚಿ, ಯಾವ ಗುಳಿಯಲ್ಲಿ ನಮಗೆ ಬೇಕಾದ ಪ್ರತಿಕಾಯವಿದೆಯೆಂದು ಹತ್ತು-ಹನ್ನೆರಡು ದಿನ ಕಾದು ನೋಡಬೇಕು. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಒಂದು ಬೆಳಿಗ್ಗೆ ಪೆಟ್ಟಿಗೆ ತೆರೆದರೆ, ತಿಳಿಗುಲಾಬಿ ದ್ರವದ ಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಸ್ಟು ಹರಡಿತ್ತು. ಒಂದೇ ರಾತ್ರಿಯಲ್ಲಿ ಆರು ತಟ್ಟೆಗಳು ಕಸದ ಡಬ್ಬಿಗೆ ಹೋದವು. ಔಷಧಿಯ ಬೆಲೆಯ ಬಗ್ಗೆ ಯಾರಾದರೂ ಸಿಟ್ಟಿನಿಂದ ಮಾತಾಡಿದಾಗ, ಸಿಟ್ಟು ನ್ಯಾಯವಾದದ್ದೇ ಎಂದು ಒಪ್ಪುತ್ತಲೇ, ನನಗೆ ಆ ತಟ್ಟೆಗಳ ನೆನಪಾಗುತ್ತದೆ.

ಹೀಗೆ ದೊರೆತ ಪ್ರತಿಕಾಯ ಪೂರ್ತಿಯಾಗಿ ಇಲಿಯದು. ಅದನ್ನು ಮನುಷ್ಯರಿಗೆ ಕೊಟ್ಟಾಗ ಎರಡು ತೊಂದರೆಗಳು ಎದುರಾದವು. ರೋಗಿಯ ದೇಹ ಇಲಿಯ ಪ್ರೋಟೀನನ್ನೇ ಶತ್ರುವೆಂದು ಬಗೆದು ಅದರ ವಿರುದ್ಧ ತನ್ನದೇ ಪ್ರತಿಕಾಯಗಳನ್ನು ತಯಾರಿಸತೊಡಗಿತು; ಎರಡನೆಯ, ಮೂರನೆಯ ಡೋಸಿನ ಹೊತ್ತಿಗೆ ಔಷಧಿ ಗಡ್ಡೆಯನ್ನು ತಲುಪುವ ಮೊದಲೇ ನಾಶವಾಗುತ್ತಿತ್ತು, ಕೆಲವರಿಗೆ ತೀವ್ರ ಅಲರ್ಜಿಯೂ ಆಗುತ್ತಿತ್ತು. ಇನ್ನೊಂದು ತೊಂದರೆ ಕಾಂಡದ್ದು. ಮನುಷ್ಯನ ಪ್ರತಿಕಾಯವನ್ನು ಕೋಶಗಳು ಒಳಗೆಳೆದುಕೊಂಡರೂ, ಅದರ ಕಾಂಡವನ್ನು ಗುರುತಿಸುವ ಒಂದು ಗ್ರಾಹಿ, ಅಂದರೆ ಕೋಶದ ಹಿಡಿಯುವ ಪ್ರೋಟೀನು, ಅದನ್ನು ಜೀರ್ಣವಾಗಲು ಬಿಡದೆ ಮತ್ತೆ ರಕ್ತಕ್ಕೆ ಮರಳಿಸುತ್ತದೆ. ಹಾಗಾಗಿ ಅದು ಸುಮಾರು ಮೂರು ವಾರ ಬಾಳುತ್ತದೆ. ಇಲಿಯ ಕಾಂಡವನ್ನು ಆ ಗ್ರಾಹಿ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ರಕ್ಷಣಾ ಕೋಶಗಳೂ ಇಲಿಯ ಕಾಂಡದ ಕರೆಗೆ ಅಷ್ಟಾಗಿ ಓಗೊಡುವುದಿಲ್ಲ. ಸಂಬಂಧಿಕರು ಹೇಳಿದ ‘ಮೈಗೆ ಒಗ್ಗುವುದಿಲ್ಲ’ ಎಂಬುದು ಈ ಕಾಲದ ಮಾತು.

ಇಲ್ಲಿಂದ ತಿದ್ದುಪಡಿಗಳು ಶುರುವಾದವು. ಮೊದಲ ಉಪಾಯ ಸರಳವಾಗಿತ್ತು: ಇಲಿಯ ತೋಳಿನ ತುದಿಯನ್ನು ಮಾತ್ರ ಉಳಿಸಿಕೊಂಡು ಉಳಿದದ್ದೆಲ್ಲವನ್ನೂ ಮನುಷ್ಯನದಾಗಿಸುವುದು. 1997ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್‌ಗೆಂದು ಮೊಟ್ಟಮೊದಲು ಮಂಜೂರಾದ ಪ್ರತಿಕಾಯವಾದ ರಿಟುಕ್ಸಿಮ್ಯಾಬ್ ಈ ಬಗೆಯದು. ದುಗ್ಧಗ್ರಂಥಿಯ ಕ್ಯಾನ್ಸರ್‌ಗೆ ಅದನ್ನು ಇಂದಿಗೂ ಕೊಡುತ್ತಾರೆ. ಎರಡನೆಯ ಉಪಾಯ ಇನ್ನೂ ಸೂಕ್ಷ್ಮವಾದದ್ದು. 1986ರಲ್ಲಿ ಕೇಂಬ್ರಿಜ್‌ನ ಗ್ರೆಗ್ ವಿಂಟರ್ ಅವರ ತಂಡ ತೋಳಿನ ತುದಿಯನ್ನೂ ಬಿಟ್ಟು, ಬರಿ ಆ ಕುಣಿಕೆಗಳನ್ನಷ್ಟೇ ಇಲಿಯ ಪ್ರತಿಕಾಯದಿಂದ ತೆಗೆದು ಮನುಷ್ಯನ ಪ್ರತಿಕಾಯದ ಮೇಲೆ ಕೂರಿಸಬಹುದೆಂದು ತೋರಿಸಿತು. ನಿಮ್ಮ ತೋಟದಲ್ಲಿ ನಾಟಿ ಗೊರಟೆಯಿಂದ ಎದ್ದ ಸಸಿಗೆ ಆಪೂಸಿನ ಕಡ್ಡಿ ಕಟ್ಟುವುದಿಲ್ಲವೇ? ಬೇರು ನಮ್ಮ ನೆಲಕ್ಕೆ ಹೊಂದಿಕೊಂಡದ್ದು, ಹಣ್ಣಿನ ಗುಣ ಕಡ್ಡಿಯದು. ಇಲ್ಲಿ ಬೇರು-ಬೊಡ್ಡೆ ಮನುಷ್ಯನದು, ಕಡ್ಡಿ ಇಲಿಯದು.

ಆದರೆ ಕಸಿ ಕಟ್ಟಿದ್ದೆಲ್ಲ ಹಿಡಿಯುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಅಕ್ಕನವರ ಔಷಧಿಯ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗವೂ ಇದೇ. ಅದರ ಮೂಲ 4ಡಿ5 ಎಂಬ ಇಲಿಯ ಪ್ರತಿಕಾಯ. ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳು ಅದರ ಕುಣಿಕೆಗಳನ್ನು ಮನುಷ್ಯನ ಪ್ರತಿಕಾಯಕ್ಕೆ ಕಸಿ ಮಾಡಿದಾಗ, ಮೊದಲ ಕಸಿ ಗುರಿಯನ್ನು ಹಿಡಿಯಿತಾದರೂ ಸಡಿಲವಾಗಿ ಹಿಡಿಯಿತು, ಕ್ಯಾನ್ಸರ್ ಕೋಶದ ಬೆಳವಣಿಗೆಯನ್ನು ತಡೆಯಲಿಲ್ಲ. ಕುಣಿಕೆಗಳು ಸರಿಯಾಗಿಯೇ ಇದ್ದವು. ಅವಕ್ಕೆ ಕೆಳಗಿನಿಂದ ಆಸರೆ ಕೊಡುವ ಬೊಡ್ಡೆಯ ಕೆಲವು ಅಮೈನೋ ಆಮ್ಲಗಳು ಹೊಂದುತ್ತಿರಲಿಲ್ಲ, ಕಡ್ಡಿಗೂ ಸಸಿಗೂ ದಪ್ಪ ಹೊಂದದಿದ್ದಾಗ ಕಟ್ಟಿನ ಜಾಗದಲ್ಲಿ ಸಂದು ಉಳಿಯುವಂತೆ. ಕಂಪ್ಯೂಟರಿನಲ್ಲಿ ಅಣುವಿನ ಮಾದರಿ ಕಟ್ಟಿ, ಯಾವ ಆಸರೆಯನ್ನು ಬದಲಿಸಬೇಕೆಂದು ಲೆಕ್ಕ ಹಾಕಿ, ಒಂದಾದ ಮೇಲೊಂದು ರೂಪಗಳನ್ನು ತಯಾರಿಸಿದರು. ಎಂಟನೆಯ ರೂಪ ಮೊದಲನೆಯದಕ್ಕಿಂತ 250 ಪಟ್ಟು ಬಿಗಿಯಾಗಿ ಗುರಿಯನ್ನು ಹಿಡಿಯಿತು. ಮೂಲ ಇಲಿಯ ಪ್ರತಿಕಾಯಕ್ಕಿಂತಲೂ ಮೂರು ಪಟ್ಟು ಬಿಗಿ. 1992ರಲ್ಲಿ ಈ ಕೆಲಸ ಪ್ರಕಟವಾಯಿತು, 1998ರಲ್ಲಿ ಅದೇ ಎಂಟನೆಯ ರೂಪ ಟ್ರಾಸ್ಟುಜುಮ್ಯಾಬ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು.

ಹೆಸರಿನ ಬಾಲವನ್ನು ನೋಡಿದರೂ ಈ ಇತಿಹಾಸ ತಿಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ‘ಓಮ್ಯಾಬ್’ ಎಂದು ಮುಗಿದರೆ ಪೂರ್ತಿ ಇಲಿಯದು, ‘ಕ್ಸಿಮ್ಯಾಬ್’ ಎಂದರೆ ಬೆರಕೆ, ‘ಜುಮ್ಯಾಬ್’ ಎಂದರೆ ಕಸಿ ಮಾಡಿದ್ದು, ಅದಾವುದೂ ಇಲ್ಲದೆ ಬರಿ ‘ಉಮ್ಯಾಬ್’ ಎಂದರೆ ಪೂರ್ತಿ ಮನುಷ್ಯನದು. 2017ರ ನಂತರದ ಹೊಸ ಹೆಸರುಗಳಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ. ನಿಮ್ಮ ಬಾಟಲಿಯ ಮೇಲಿರುವುದು ‘ಜುಮ್ಯಾಬ್’. ಸಂಬಂಧಿಕರಿಗೆ ಅದನ್ನೇ ಓದಿ ತೋರಿಸಬಹುದು.

ಪೂರ್ತಿ ಮನುಷ್ಯನ ಪ್ರತಿಕಾಯಕ್ಕೆ ಎರಡು ದಾರಿಗಳಿವೆ. ಬ್ಯಾಕ್ಟೀರಿಯಾವನ್ನು ಹಿಡಿಯುವ ವೈರಸ್ಸಿನ ಮೈಮೇಲೆ ಮನುಷ್ಯನ ಪ್ರತಿಕಾಯದ ತುಣುಕುಗಳನ್ನು ಕೋಟಿಗಟ್ಟಲೆ ಬಗೆಯಲ್ಲಿ ಮೂಡಿಸಿ, ಗುರಿಗೆ ಅಂಟುವುದನ್ನು ಆರಿಸಿಕೊಳ್ಳುವುದು ಒಂದು. ಈ ಆರಿಸುವ ವಿದ್ಯೆಗಾಗಿ ಜಾರ್ಜ್ ಸ್ಮಿತ್ ಮತ್ತು ಅದೇ ವಿಂಟರ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ದೊರೆಯಿತು. ಇಲಿಯ ಪ್ರತಿಕಾಯದ ಜೀನುಗಳನ್ನು ನಿಷ್ಕ್ರಿಯಗೊಳಿಸಿ, ಮನುಷ್ಯನ ಜೀನುಗಳನ್ನು ಸೇರಿಸಿದ ಇಲಿಗಳನ್ನು ಸಾಕುವುದು ಇನ್ನೊಂದು.

ಹಾಗಾದರೆ ಇಂದು ಬಾಟಲಿಯೊಳಗಿನ ಔಷಧಿಯನ್ನು ಯಾರು ತಯಾರಿಸುತ್ತಾರೆ? ಇಲಿಯಲ್ಲ. ಚೀನಾದ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಬೇರ್ಪಡಿಸಿ, ಅಂದಿನಿಂದ ಪ್ರಯೋಗಾಲಯಗಳಲ್ಲಿ ಬೆಳೆಸಿಕೊಂಡು ಬಂದ ಕೋಶಗಳಿಗೆ ಈ ಪ್ರತಿಕಾಯದ ಜೀನನ್ನು ಸೇರಿಸಿ, ಸಾವಿರಾರು ಲೀಟರಿನ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಕೋಶಗಳು ಪ್ರತಿಕಾಯವನ್ನು ದ್ರವಕ್ಕೆ ಬಿಡುತ್ತವೆ. ಕೋಶಗಳನ್ನು ಸೋಸಿ ತೆಗೆದು, ಪ್ರತಿಕಾಯದ ಕಾಂಡವನ್ನಷ್ಟೇ ಹಿಡಿಯುವ ಸ್ತಂಭದ ಮೂಲಕ ದ್ರವವನ್ನು ಹರಿಸಿ, ವೈರಸ್ ಉಳಿಯದಂತೆ ಆಮ್ಲೀಯ ದ್ರಾವಣದಲ್ಲಿಟ್ಟು, ಮತ್ತೆ ಮತ್ತೆ ಸೋಸಿ ಶುದ್ಧಗೊಳಿಸುತ್ತಾರೆ. ಕೊನೆಗೆ ಉಳಿಯುವ ಬಿಳಿಯ ಪುಡಿಯಲ್ಲಿ ಪ್ರಾಣಿಯ ಮಾಂಸ, ರಕ್ತ ಯಾವುದೂ ಇರುವುದಿಲ್ಲ. ಲಿಂಗ ಕಟ್ಟಿದ ಮನೆಗಳಿಂದ ಈ ಪ್ರಶ್ನೆ ನನಗೆ ಬೇರೆ ಕಾರಣಕ್ಕೂ ಬಂದಿದೆ, ಅದಕ್ಕಾಗಿ ಸ್ಪಷ್ಟವಾಗಿ ಬರೆದೆ.

ಇನ್ನು ‘ಹರ್-2 ಮೂರು ಪ್ಲಸ್’ ಎಂಬ ಮಾತು. ನನ್ನ ದೃಷ್ಟಿಯಲ್ಲಿ ನಿಮ್ಮ ಕಡತದಲ್ಲಿರುವ ಅತ್ಯಂತ ಬೆಲೆಯುಳ್ಳ ಹಾಳೆ ಔಷಧಿಯ ಬಿಲ್ ಅಲ್ಲ, ಈ ವರದಿ. ಹರ್-2 ಎಂಬುದು ಕೋಶದ ಹೊರಪೊರೆಯ ಮೇಲಿರುವ, ಬೆಳೆಯಲು ಸೂಚನೆ ಕೊಡುವ ಗ್ರಾಹಿ. ಅದು ಸಾಮಾನ್ಯ ಕೋಶಗಳಲ್ಲೂ ಇರುತ್ತದೆ, ಆದರೆ ಬಹಳ ಕಡಿಮೆ ಸಂಖ್ಯೆಯಲ್ಲಿ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 15ರಿಂದ 20ರಷ್ಟರಲ್ಲಿ ಅದರ ಜೀನಿನ ಪ್ರತಿಗಳು ಹೆಚ್ಚಾಗಿ, ಒಂದೊಂದು ಕೋಶದ ಮೇಲೆ ಗ್ರಾಹಿಗಳು ಹತ್ತು ಲಕ್ಷವನ್ನೂ ದಾಟಬಹುದು. ಇಂಥ ಗಡ್ಡೆಗಳು ಹೆಚ್ಚು ಉಗ್ರವಾಗಿರುತ್ತವೆ ಎಂಬುದನ್ನು 1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು ತೋರಿಸಿದರು. ಪರೀಕ್ಷೆಯಲ್ಲಿ ಗಡ್ಡೆಯ ತೆಳು ಪದರಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೂರು ಪ್ಲಸ್ ಇದ್ದರೆ ಪ್ರತಿ ಕೋಶದ ಸುತ್ತ ದಟ್ಟ ಕಂದು ಗೆರೆ ಮೂಡಿ, ಇಡೀ ನೋಟ ಜೇನುಹುಟ್ಟಿನ ಕೋಣೆಗಳಿಗೆ ಕಾಡಿಗೆಯಲ್ಲಿ ಅಂಚು ಬರೆದ ಹಾಗೆ ಕಾಣುತ್ತದೆ. ಆ ಬಣ್ಣವನ್ನು ಹೊತ್ತೊಯ್ಯುವುದೂ ಒಂದು ಪ್ರತಿಕಾಯವೇ. ಅಲ್ಲಿ ಅದು ಇಲಿಯದಾದರೂ ಮೊಲದ್ದಾದರೂ ಚಿಂತೆಯಿಲ್ಲ, ಏಕೆಂದರೆ ಅದು ಗಾಜಿನ ಪಟ್ಟಿಯ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಶೂನ್ಯ ಅಥವಾ ಒಂದು ಪ್ಲಸ್ ಬಂದರೆ ಈ ಔಷಧಿಯಿಂದ ಉಪಯೋಗವಿಲ್ಲ. ಎರಡು ಪ್ಲಸ್ ಬಂದರೆ ಜೀನಿನ ಪ್ರತಿಗಳನ್ನು ಎಣಿಸುವ ‘ಫಿಶ್’ ಎಂಬ ಇನ್ನೊಂದು ಪರೀಕ್ಷೆ ಬೇಕೇಬೇಕು. ಅದನ್ನು ಮಾಡಿಸದೆ ಔಷಧಿ ಶುರು ಮಾಡುವುದಾಗಲಿ ಕೈಬಿಡುವುದಾಗಲಿ ತಪ್ಪು. ಊರಿನ ಚಿಕ್ಕ ಆಸ್ಪತ್ರೆಗಳಲ್ಲಿ ಗಡ್ಡೆ ತೆಗೆಸುವವರಿಗೆ ಒಂದು ಸೂಚನೆ: ತೆಗೆದ ತುಣುಕನ್ನು ತಡಮಾಡದೆ ಸಾಕಷ್ಟು ಫಾರ್ಮಲಿನ್‌ನಲ್ಲಿ ಹಾಕಿಸಿ. ಅದು ಸಲೈನ್ ಬಾಟಲಿಯಲ್ಲಿ ಬಿದ್ದುಕೊಂಡು ಎರಡು ದಿನದ ನಂತರ ಹುಬ್ಬಳ್ಳಿಗೆ ಬಂದರೆ, ಈ ಬಣ್ಣದ ಪರೀಕ್ಷೆಯನ್ನು ನಂಬಲಾಗುವುದಿಲ್ಲ.

ಇದು ಕಿಮೊ ಅಲ್ಲ. ಕಿಮೊ ಔಷಧಿಗಳು ವೇಗವಾಗಿ ಒಡೆಯುವ ಯಾವುದೇ ಕೋಶವನ್ನು ಹೊಡೆಯುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಅದರಿಂದಲೇ. ಟ್ರಾಸ್ಟುಜುಮ್ಯಾಬ್ ಹರ್-2ರ ಮೇಲೆ ಕುಳಿತು ಬೆಳವಣಿಗೆಯ ಸೂಚನೆಯನ್ನು ತಡೆಯುತ್ತದೆ, ಜೊತೆಗೆ ತನ್ನ ಕಾಂಡದಿಂದ ರಕ್ತದಲ್ಲಿರುವ ಕೊಲ್ಲುಕೋಶಗಳನ್ನು ಕರೆದು ತೋರಿಸುತ್ತದೆ. ಅಕ್ಕನವರ ತೂಕ 60 ಕಿಲೋ ಎಂದಿಟ್ಟುಕೊಂಡರೆ, ಮೊದಲ ಸಲ ಕಿಲೋಗೆ 8 ಮಿಲಿಗ್ರಾಂನಂತೆ 480, ನಂತರ ಪ್ರತಿ ಮೂರು ವಾರಕ್ಕೆ 6ರಂತೆ 360 ಮಿಲಿಗ್ರಾಂ. ಮೂರು ವಾರದ ಅಂತರ ಆಸ್ಪತ್ರೆಯ ಅನುಕೂಲಕ್ಕೆ ಇಟ್ಟದ್ದಲ್ಲ. ಆ ಕಾಂಡ ಮನುಷ್ಯನದಾದ್ದರಿಂದ ಔಷಧಿ ರಕ್ತದಲ್ಲಿ ಅಷ್ಟು ಕಾಲ ಉಳಿಯುತ್ತದೆ. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ, ಕಿಮೊ ಜೊತೆಗೆ ಇದನ್ನೂ ಪಡೆದವರಲ್ಲಿ ರೋಗ ಮರುಕಳಿಸುವ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡು ವರ್ಷ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಹೃದಯದ ಸ್ಕ್ಯಾನ್, ಅಂದರೆ ಎಕೊ, ಏಕೆಂದರೆ ಹೃದಯದ ಸ್ನಾಯುಕೋಶಗಳ ಮೇಲೂ ಹರ್-2 ಇದೆ, ಒತ್ತಡದ ಹೊತ್ತಿನಲ್ಲಿ ಆ ಕೋಶಗಳು ಚೇತರಿಸಿಕೊಳ್ಳಲು ಅದು ನೆರವಾಗುತ್ತದೆ. ಔಷಧಿಗೆ ಗಡ್ಡೆಯ ಹರ್-2, ಹೃದಯದ ಹರ್-2 ಎಂಬ ಭೇದ ತಿಳಿಯುವುದಿಲ್ಲ. ಕೆಂಪು ಬಣ್ಣದ ಕಿಮೊ, ಅಂದರೆ ಡಾಕ್ಸೊರುಬಿಸಿನ್ ಬಗೆಯದು, ಮೊದಲೇ ಆಗಿದ್ದರೆ ಅಪಾಯ ಸ್ವಲ್ಪ ಹೆಚ್ಚು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಕೊ ಮಾಡಿಸಿ, ಹೃದಯದ ಒತ್ತುವ ಶಕ್ತಿ ಕುಗ್ಗಿದ್ದರೆ ಔಷಧಿಯನ್ನು ತಡೆಹಿಡಿಯುತ್ತಾರೆ. ಹೆಚ್ಚಿನವರಲ್ಲಿ ಅದು ಮತ್ತೆ ಮೊದಲಿನಂತಾಗುತ್ತದೆ. ಅಕ್ಕನವರಿಗೆ ಮೆಟ್ಟಿಲು ಹತ್ತುವಾಗ ಉಬ್ಬಸ, ಕಾಲಿನಲ್ಲಿ ಬಾವು, ಮಲಗಿದರೆ ಉಸಿರು ಕಟ್ಟಿದಂತಾಗುವುದು ಕಂಡುಬಂದರೆ ಮುಂದಿನ ಎಕೊದ ತಾರೀಖಿಗೆ ಕಾಯಬೇಡಿ. ಮೊದಲ ಡೋಸಿನಲ್ಲಿ ಬರುವ ಚಳಿ-ಜ್ವರ ಬೇರೆ ಸಂಗತಿ. ಅದು ಬಹಳ ಜನರಿಗೆ ಬರುತ್ತದೆ, ಮುಂದಿನ ಡೋಸುಗಳಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

‘ಬೇರೆ ಕಂಪನಿಯ ಬಾಟಲಿ’ ಎಂದ ಮಾತ್ರಕ್ಕೆ ಅದು ಡುಪ್ಲಿಕೇಟ್ ಅಲ್ಲ, ಆದರೆ ಅದು ಜನರಿಕ್ ಮಾತ್ರೆಯಂತೆ ತದ್ರೂಪವೂ ಅಲ್ಲ. ಜ್ವರದ ಮಾತ್ರೆಯ ಅಣು ಎಲ್ಲಿ ತಯಾರಿಸಿದರೂ ಒಂದೇ. ಪ್ರತಿಕಾಯವನ್ನು ಜೀವಂತ ಕೋಶ ತಯಾರಿಸುತ್ತದೆ, ಅದರ ಕಾಂಡಕ್ಕೆ ಸಕ್ಕರೆಯ ಸರಗಳನ್ನು ಆ ಕೋಶವೇ ಪೋಣಿಸುತ್ತದೆ. ಒಂದೇ ಬ್ಯಾಡಗಿ ಬೀಜವನ್ನು ಎರಡು ಊರಿನ ಹೊಲಗಳಲ್ಲಿ ಹಾಕಿದರೆ ಬಣ್ಣದಲ್ಲಿ, ನಿರಿಗೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದಲ್ಲ, ಹಾಗೆ. ಅದಕ್ಕಾಗಿಯೇ ಇವುಗಳನ್ನು ‘ಬಯೋಸಿಮಿಲರ್’, ಎಂದರೆ ಸದೃಶ ಔಷಧಿ ಎನ್ನುತ್ತಾರೆ. ರಚನೆ, ಬಿಗಿತ, ರೋಗಿಗಳಲ್ಲಿ ಪರಿಣಾಮ ಇವುಗಳಲ್ಲಿ ಮೂಲದಿಂದ ಅರ್ಥಪೂರ್ಣ ವ್ಯತ್ಯಾಸವಿಲ್ಲವೆಂದು ತೋರಿಸಿದ ಮೇಲೆಯೇ ಇವಕ್ಕೆ ಮಂಜೂರಾತಿ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯ ಟ್ರಾಸ್ಟುಜುಮ್ಯಾಬ್ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂತು, 2017ರಲ್ಲಿ ಅಮೆರಿಕದಲ್ಲೂ ಮಂಜೂರಾಯಿತು. ಇಂಥ ಸದೃಶ ಔಷಧಿಗಳು ಬಂದದ್ದರಿಂದಲೇ ಈ ಚಿಕಿತ್ಸೆ ಹಾವೇರಿ, ಗದಗದಂಥ ಜಿಲ್ಲೆಗಳ ಕುಟುಂಬಗಳಿಗೆ ಎಟುಕುವಂತಾಯಿತು ಎಂಬುದು ನನ್ನ ಅಭಿಪ್ರಾಯ. ಬ್ರ್ಯಾಂಡ್ ಬದಲಾದಾಗ ಡಾಕ್ಟರಿಗೆ ತಿಳಿಸಿ, ಬ್ಯಾಚ್ ನಂಬರನ್ನು ಕಡತದಲ್ಲಿ ಬರೆದಿಡಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಬಳಿ ಕೇಳಿ.

ಇಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ಟ್ರಾಸ್ಟುಜುಮ್ಯಾಬ್ ಎಂಬ ಹೆಸರಿನ ಮುಂದೆ ಇನ್ನೊಂದು ಶಬ್ದ ಇದೆಯೇ ಎಂದು ಪ್ರತಿ ಸಲ ಓದಿ. ‘ಟ್ರಾಸ್ಟುಜುಮ್ಯಾಬ್ ಎಮ್‌ಟಾನ್ಸಿನ್’, ‘ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್’ ಎಂಬ ಇನ್ನೆರಡು ಔಷಧಿಗಳಿವೆ. ಅವು ಇದೇ ಪ್ರತಿಕಾಯದ ಬೆನ್ನಿಗೆ ಕಿಮೊ ವಿಷವನ್ನು ಕಟ್ಟಿ ಕಳಿಸುವಂಥವು. ಡೋಸು ಪೂರ್ತಿ ಬೇರೆ: ಮೊದಲನೆಯದು ಕಿಲೋಗೆ 3.6 ಮಿಲಿಗ್ರಾಂ, ಎರಡನೆಯದು ಸ್ತನ ಕ್ಯಾನ್ಸರ್‌ಗೆ 5.4. ಒಂದರ ಬದಲು ಇನ್ನೊಂದು ಕೊಟ್ಟರೆ ಜೀವಕ್ಕೇ ಅಪಾಯ. ಎಮ್‌ಟಾನ್ಸಿನ್ 2013ರಲ್ಲಿ ಬಂತು. ಅದರಲ್ಲಿರುವ ವಿಷ ಇಥಿಯೋಪಿಯಾದ ಒಂದು ಪೊದೆಯಲ್ಲಿ ಮೊದಲು ದೊರೆತ ಮೇಟಾನ್ಸಿನ್ ಎಂಬುದರ ಸಂತತಿಯದು. ಅದನ್ನು ಒಂಟಿಯಾಗಿ ಕೊಟ್ಟು ನೋಡಿದಾಗ ರೋಗಿ ತಾಳಲಾರದಷ್ಟು ಕಟುವಾಗಿತ್ತು. ಪ್ರತಿಕಾಯಕ್ಕೆ ಕಟ್ಟಿದಾಗ ಅದೇ ವಿಷ, ಸರಾಸರಿ ಒಂದಕ್ಕೆ ಮೂರೂವರೆ ಅಣುವಿನಂತೆ, ಹರ್-2 ಇರುವ ಕೋಶದೊಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. 2019ರಲ್ಲಿ ಬಂದ ಡೆರುಕ್ಸ್‌ಟೆಕಾನ್‌ನಲ್ಲಿ ಒಂದು ಪ್ರತಿಕಾಯಕ್ಕೆ ಎಂಟು ಅಣುಗಳು. ಅವನ್ನು ಕಟ್ಟಿದ ಕೊಂಡಿಯನ್ನು ಕೋಶದೊಳಗಿನ ಕಿಣ್ವ ಕತ್ತರಿಸುತ್ತದೆ, ಬಿಡುಗಡೆಯಾದ ವಿಷ ಪೊರೆ ದಾಟಿ ಪಕ್ಕದ ಕೋಶಕ್ಕೂ ತಗಲುತ್ತದೆ. ಹಾಗಾಗಿ ಹರ್-2 ಕಡಿಮೆ ಇರುವ, ಹಿಂದೆ ‘ಉಪಯೋಗವಿಲ್ಲ’ ಎಂದು ಬಿಟ್ಟಿದ್ದ ಹರಡಿದ ಸ್ತನ ಕ್ಯಾನ್ಸರ್‌ಗಳಿಗೂ 2022ರಿಂದ ಇದು ಕೆಲಸಕ್ಕೆ ಬಂದಿದೆ. ಪುಪ್ಪುಸದ ಉರಿಯೂತ ಇದರ ದೊಡ್ಡ ಅಪಾಯ, ಒಣಕೆಮ್ಮನ್ನೂ ಲಘುವಾಗಿ ಎಣಿಸುವಂತಿಲ್ಲ. ಇದರ ವಿಷ ಕ್ಯಾಂಪ್ಟೊಥೆಸಿನ್ ಕುಟುಂಬದ್ದು. ಆ ಮೂಲ ವಸ್ತು ಚೀನಾದ ಒಂದು ಮರದಲ್ಲಿ ಮೊದಲು ದೊರೆತರೂ, ನಮ್ಮ ಪಶ್ಚಿಮ ಘಟ್ಟದ, ಕೆಟ್ಟ ವಾಸನೆಗೆ ಹೆಸರಾದ ನೊಥಾಪೊಡೈಟಿಸ್ ಮರದಲ್ಲೂ ಅದು ಇದೆ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಆಮದು ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಡೆರುಕ್ಸ್‌ಟೆಕಾನ್ ಒಂದು. ನಿಮ್ಮ ಅಕ್ಕನವರಿಗೆ ಸದ್ಯ ಇವೆರಡೂ ಬೇಕಾಗಿಲ್ಲವೆಂದು ನಿಮ್ಮ ಪತ್ರದಿಂದ ತಿಳಿಯುತ್ತದೆ.

ಕಾಂಡವನ್ನು ತಿದ್ದುವ ಕೆಲಸವೂ ನಡೆದಿದೆ. ಸಕ್ಕರೆಯ ಸರದಿಂದ ಫ್ಯೂಕೋಸ್ ಎಂಬ ಒಂದೇ ಒಂದು ಮಣಿಯನ್ನು ತೆಗೆದರೆ ಕೊಲ್ಲುಕೋಶಗಳು ಕಾಂಡವನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತವೆ. 2013ರಲ್ಲಿ ಬಂದ ಒಬಿನುಟುಜುಮ್ಯಾಬ್‌ನಲ್ಲಿ ಆ ಮಣಿಯನ್ನು ಹೀಗೆ ಕಡಿಮೆ ಮಾಡಿದ್ದಾರೆ. ಎರಡು ತೋಳಿಗೆ ಎರಡು ಬೇರೆ ಗುರಿ ಕೊಟ್ಟು, ಒಂದರಿಂದ ಕ್ಯಾನ್ಸರ್ ಕೋಶವನ್ನೂ ಇನ್ನೊಂದರಿಂದ ರಕ್ಷಣಾ ಕೋಶವನ್ನೂ ಹಿಡಿಸಿ ಮುಖಾಮುಖಿ ಮಾಡಿಸುವ ಪ್ರತಿಕಾಯಗಳೂ ಇವೆ. 2014ರ ಬ್ಲಿನಾಟುಮೊಮ್ಯಾಬ್ ಅಂಥದು. ಅದಕ್ಕೆ ಕಾಂಡವೇ ಇಲ್ಲ, ಹಾಗಾಗಿ ಗಂಟೆಗಳಲ್ಲೇ ಕರಗಿಹೋಗುತ್ತದೆ, ರೋಗಿಗೆ 28 ದಿನ ಎಡೆಬಿಡದೆ ಪಂಪಿನಿಂದ ಹರಿಸಬೇಕಾಗುತ್ತದೆ. ಕಾಂಡದ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪಕ್ಕದ ಮನೆಯ ಕಾಕಾ ಅವರ ವಿಷಯ. ಟ್ರಾಸ್ಟುಜುಮ್ಯಾಬ್ ಅವರಿಗೆ ಬೇಡ. ಗುಟ್ಕಾ, ತಂಬಾಕು, ಅಡಿಕೆಯಿಂದ ಬರುವ ಬಾಯಿ ಕ್ಯಾನ್ಸರ್‌ನಲ್ಲಿ ಹರ್-2 ಗುರಿಯಲ್ಲ. ಅಲ್ಲಿ ಬಳಸುವ ಪ್ರತಿಕಾಯಗಳು ಬೇರೆ. ಈಜಿಎಫ್‌ಆರ್ ಎಂಬ ಗ್ರಾಹಿಯನ್ನು ಹಿಡಿಯುವ ಸೆಟುಕ್ಸಿಮ್ಯಾಬ್, ನಿಮೊಟುಜುಮ್ಯಾಬ್ ಒಂದು ಬಗೆ. ಇನ್ನೊಂದು ಬಗೆಯದು ಕ್ಯಾನ್ಸರ್ ಕೋಶವನ್ನು ಮುಟ್ಟುವುದೇ ಇಲ್ಲ: ನಿವೊಲುಮ್ಯಾಬ್ ನಮ್ಮದೇ ರಕ್ಷಣಾ ಕೋಶದ ಮೇಲಿರುವ ಪಿಡಿ-1 ಎಂಬ ತಡೆಯನ್ನು ಮುಚ್ಚಿ, ಕ್ಯಾನ್ಸರ್ ಅದನ್ನು ಒತ್ತಿ ಹಿಡಿಯದಂತೆ ಮಾಡುತ್ತದೆ. ಈ ತಡೆಗಳನ್ನು ತೆಗೆಯುವ ವಿದ್ಯೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಬಂತು. ಇಲ್ಲಿ ಕಾಂಡ ಕೊಲ್ಲುಕೋಶಗಳನ್ನು ಕರೆದರೆ ನಮ್ಮ ಸೈನಿಕರೇ ಸಾಯುತ್ತಾರೆ. ಆದ್ದರಿಂದ ಬೇಕೆಂದೇ ಸೌಮ್ಯ ಕಾಂಡವನ್ನು ಆರಿಸಿ, ಅದರ ಕೀಲು ಸಡಿಲವಾಗದಂತೆ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದ್ದಾರೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಬಹಳ ಮುಖ್ಯ. ಗುಣಪಡಿಸಲಾಗದ ಹಂತದ ತಲೆ-ಕತ್ತಿನ ಕ್ಯಾನ್ಸರ್‌ಗೆ ಕಡಿಮೆ ಡೋಸಿನ ಮಾತ್ರೆಗಳ ಜೊತೆ ನಿವೊಲುಮ್ಯಾಬನ್ನು ಮೂರು ವಾರಕ್ಕೊಮ್ಮೆ ಬರಿ 20 ಮಿಲಿಗ್ರಾಂನಂತೆ ಕೊಟ್ಟರು; ಪ್ರಮಾಣಿತ ಡೋಸು ಎರಡು ವಾರಕ್ಕೆ 240. ಒಂದು ವರ್ಷದ ಕೊನೆಗೆ ಬದುಕಿದ್ದವರು ಮಾತ್ರೆಗಳಷ್ಟೇ ಪಡೆದ ಗುಂಪಿನಲ್ಲಿ ಶೇ. 16.3, ಇಂಜೆಕ್ಷನ್ನೂ ಸೇರಿದ್ದಲ್ಲಿ ಶೇ. 43.4. ಕಾಕಾ ಅವರ ರೋಗ ಯಾವ ಹಂತದಲ್ಲಿದೆಯೆಂದು ನೀವು ಬರೆದಿಲ್ಲ. ಆಪರೇಷನ್ನಿಗೆ ಒಗ್ಗುವ ಹಂತದಲ್ಲಿದ್ದರೆ ಮೊದಲ ಚಿಕಿತ್ಸೆ ಆಪರೇಷನ್ನೇ; ಅದನ್ನು ಮುಂದೂಡಿ ಇಂಜೆಕ್ಷನ್ ಹುಡುಕುವುದು ಬೇಡ. ಆ ಹಂತ ದಾಟಿದ್ದರೆ, ಈ ಕಡಿಮೆ ಡೋಸಿನ ವಿಷಯವನ್ನು ಡಾಕ್ಟರರ ಬಳಿ ಹೆಸರು ಹಿಡಿದು ಕೇಳಿ.

ಕೊನೆಗೆ ಫ್ರಿಜ್. ಆಸ್ಪತ್ರೆಯಲ್ಲೇ ಇಡುವ ವ್ಯವಸ್ಥೆಯಿದ್ದರೆ ಅದೇ ಮೇಲು. ನೀವೇ ಒಯ್ಯಬೇಕಾಗಿ ಬಂದರೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ನನ್ನ ಪರಿಚಿತರೊಬ್ಬರು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಬಾಟಲಿಯನ್ನು ಐಸ್‌ಗಡ್ಡೆಯ ನಡುವೆ ಹೂತು ತಂದರು. ಕಾಳಜಿ ಹೆಚ್ಚಾಗಿ ಔಷಧಿ ಹಾಳಾಯಿತು. ಐಸ್ ಪ್ಯಾಕಿಗೂ ಬಾಟಲಿಗೂ ನಡುವೆ ದಪ್ಪ ಬಟ್ಟೆ ಇಡಿ. ಮನೆಯ ಫ್ರಿಜ್‌ನಲ್ಲಿ ಬಾಗಿಲಿನಲ್ಲೂ ಬೇಡ, ಫ್ರೀಜರಿನ ಕೆಳಗೂ ಬೇಡ, ನಡುವಿನ ಅಟ್ಟದಲ್ಲಿ ರಟ್ಟಿನ ಡಬ್ಬಿಯ ಸಮೇತ ಇಡಿ. ಹಳ್ಳಿಯಲ್ಲಿ ಕರೆಂಟ್ ಹೋಗಿಬರುವ ದಿನಗಳಲ್ಲಿ ಅದನ್ನೂ ನಂಬಬೇಡಿ. ಪುಡಿಗೆ ನೀರು ಸೇರಿಸುವಾಗ ನರ್ಸ್ ಬಾಟಲಿಯನ್ನು ಅಲುಗಾಡಿಸದೆ ಮೆಲ್ಲಗೆ ತಿರುಗಿಸುವುದನ್ನು ನೀವು ನೋಡಿರಬಹುದು. ಜೋರಾಗಿ ಕುಲುಕಿದರೆ ನೊರೆ ಬಂದು ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಅದನ್ನು ಸಲೈನಿಗೆ ಮಾತ್ರ ಬೆರೆಸುತ್ತಾರೆ, ಗ್ಲೂಕೋಸಿಗಲ್ಲ, ಗ್ಲೂಕೋಸಿನಲ್ಲಿ ಅದು ಗಂಟುಕಟ್ಟುತ್ತದೆ. 440 ಮಿಲಿಗ್ರಾಂ ಬಾಟಲಿಯಿಂದ 360 ತೆಗೆದ ಮೇಲೆ ಉಳಿಯುವ 80 ಮಿಲಿಗ್ರಾಂ, ಜೊತೆಗೆ ಕೊಟ್ಟ ಸಂರಕ್ಷಕವಿರುವ ನೀರಿನಲ್ಲೇ ಕರಗಿಸಿದ್ದರೆ, ಅದೇ ತಂಪಿನಲ್ಲಿ 28 ದಿನ ಉಳಿಯುತ್ತದೆ. ಅಂದರೆ ಮುಂದಿನ ಡೋಸಿಗೆ ಸೇರಿಸಿಕೊಳ್ಳಬಹುದು. ಸಾದಾ ನೀರಿನಲ್ಲಿ ಕರಗಿಸಿದ್ದರೆ ಚೆಲ್ಲಲೇಬೇಕು. ಯಾವ ನೀರು ಹಾಕಿದರು, ಯಾವ ದಿನ ಹಾಕಿದರು ಎಂಬುದನ್ನು ಬಾಟಲಿಯ ಮೇಲೆ ಬರೆಸಿ, ಉಳಿದದ್ದನ್ನು ಆಸ್ಪತ್ರೆಯ ಫ್ರಿಜ್‌ನಲ್ಲೇ ಅಕ್ಕನವರ ಹೆಸರಿನಲ್ಲಿ ಇಡಲು ಕೇಳಿಕೊಳ್ಳಿ.